ಕೆಲ್ಸ ಐತಂತ... ಯಾರಂದ್ರು?

ಕೊಪ್ಪಳದ ಇತಿಹಾಸ ಬರೆಯುವವರು ಒಂದೋ ಕವಿರಾಜಮಾರ್ಗದ ಕೊಪಣದಿಂದ ಶುರು ಮಾಡುತ್ತಾರೆ, ಇಲ್ಲಾ ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳಿಂದ. ನನಗೂ ಅವೆರಡೂ ಇಷ್ಟದ ವಿಷಯಗಳೇ. ಆದರೆ ಬಹಳ ದಿನಗಳಿಂದ ನನ್ನ ತಲೆ ತಿನ್ನುತ್ತಿರುವುದು ಬೇರೆಯೇ ಒಂದು ಇತಿಹಾಸ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಸೀಮೆಯ ಹುಡುಗರಿಗೆ "ಅಲ್ಲೆ ಕೆಲ್ಸ ಐತಂತ" ಎನ್ನುವ ಸುದ್ದಿ ಯಾವ ದಾರಿಯಿಂದ ಬರುತ್ತಿತ್ತು, ಯಾರ ಬಾಯಿಂದ ಬರುತ್ತಿತ್ತು ಎನ್ನುವುದು. ಈಗೇನೋ ವಾಟ್ಸಾಪ್, ಟೆಲಿಗ್ರಾಂ, ಇನ್‌ಸ್ಟಾಗ್ರಾಂ ಅಂತ ಬೆರಳ ತುದಿಗೆ ಬಂದು ಕೂತಿದೆ. ಮೊದಲು? (ಹಾಗೆ ನೋಡಿದರೆ ಅಶೋಕನದೂ ಒಂದು ಪಬ್ಲಿಕ್ ಪೋಸ್ಟೇ, ಬಂಡೆ ಮೇಲೆ ಹಾಕಿದ್ದು. ಡಿಲೀಟ್ ಮಾಡೋಕೆ ಬರಲ್ಲ ಅಷ್ಟೇ :) )

ಈಗ ಕನಕಗಿರಿ, ಕಾರಟಗಿ, ಕುಕನೂರು ಸೇರಿ ಏಳು ತಾಲ್ಲೂಕುಗಳಾಗಿವೆ. ನಾನು ಹೇಳುತ್ತಿರುವುದು ಹಳೆಯ ನಾಲ್ಕು ತಾಲ್ಲೂಕುಗಳ ಲೆಕ್ಕದಲ್ಲಿ, 1997ರ ಆಗಸ್ಟ್ 24ರಂದು ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಇದ್ದ ಹಾಗೆ.

ಮೊದಲು ನಿಜಾಮರ ಕಾಲಕ್ಕೆ ಹೋಗೋಣ. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಹೈದರಾಬಾದ್ ಸಂಸ್ಥಾನದಲ್ಲಿ 1884ರ ಹೊತ್ತಿಗೆ ಫಾರ್ಸಿಯ ಜಾಗಕ್ಕೆ ಉರ್ದು ಬಂತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಅಂದರೆ ಸರ್ಕಾರಿ ಕೆಲಸ ಖಾಲಿ ಇದೆ ಎನ್ನುವ ಕಾಗದ ಊರಿಗೆ ಬಂದರೂ ಅದನ್ನು ಓದಿ ಹೇಳಲು ಒಬ್ಬ ಬೇಕಿತ್ತು. ಹಾಗೆ ಓದಿ ಹೇಳುವವನು ಯಾರಿಗೆ ಮೊದಲು ಹೇಳುತ್ತಾನೆ? ತನ್ನ ಮನೆಯವರಿಗೆ, ಆಮೇಲೆ ಗೌಡರ ಮನೆಗೆ. ಉಳಿದವರಿಗೆ ತಿಳಿಯುವಷ್ಟರಲ್ಲಿ ಆ ಕುರ್ಚಿ ತುಂಬಿರುತ್ತಿತ್ತು. ಅರ್ಜಿ, ನೌಕರಿ, ಹಾಜರಿ, ಖಾಲಿ, ವಜಾ... ನಾವು ಇವತ್ತಿಗೂ ಬಳಸುವ ಈ ಮಾತುಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಕೆಲಸಕ್ಕೆ ಸೇರುವುದರಿಂದ ಹಿಡಿದು ಮನೆಗೆ ಕಳಿಸುವ ತನಕ ಎಲ್ಲವೂ ದಫ್ತರದ ಭಾಷೆಯಿಂದ ಬಂದವೇ!

ಇದೇ ನಿಜಾಮ್ ಸರ್ಕಾರ 1919ರಲ್ಲಿ ಮುಲ್ಕಿ ನಿಯಮ ಅಂತ ಒಂದು ಮಾಡಿತು. ಸಂಸ್ಥಾನದ ಕೆಲಸಗಳು ಸಂಸ್ಥಾನದವರಿಗೆ, ಅಂದರೆ ಇಲ್ಲಿ ಹುಟ್ಟಿದವರಿಗೆ ಅಥವಾ 15 ವರ್ಷ ಇಲ್ಲೇ ನೆಲೆಸಿದವರಿಗೆ. ಉತ್ತರ ಹಿಂದೂಸ್ತಾನದಿಂದ ಬಂದವರೇ ದೊಡ್ಡ ಹುದ್ದೆಗಳನ್ನೆಲ್ಲ ತುಂಬುತ್ತಿದ್ದಾರೆ ಎಂಬ ಗುಣಗು ಅದರ ಹಿಂದೆ ಇತ್ತು. ಈ ನಿಯಮದ ನೆನಪು ಸಂಸ್ಥಾನ ಹೋದ ಮೇಲೂ ಹೋಗಲಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ಮೂರು ಹೋಳಾಯಿತು. ತೆಲುಗು ಭಾಗ ಸೇರಿದ್ದ ಆಂಧ್ರಕ್ಕೆ 1974ರ ಹೊತ್ತಿಗೆ 371(ಡಿ) ವಿಧಿಯಲ್ಲಿ ಸ್ಥಳೀಯರಿಗೆ ಮೀಸಲಾತಿಯ ವ್ಯವಸ್ಥೆ ಸಿಕ್ಕಿತು. ಕನ್ನಡದ ಪಾಲಿಗೆ ಬಂದ ನಮ್ಮ ಜಿಲ್ಲೆಗಳಿಗೆ? ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಕೂಗಿದ ಮೇಲೆ 2012ರಲ್ಲಿ 371(ಜೆ) ತಿದ್ದುಪಡಿ, 2013ರಲ್ಲಿ ನೇಮಕಾತಿಯ ಆದೇಶ. ಏಕೀಕರಣ ಆಗಿ 56 ವರ್ಷ ಕಳೆದಿತ್ತು. ನಡುವೆ 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಅಂತ ಗುರುತಿಸಿದಾಗ ಕುಷ್ಟಗಿ, ಯಲಬುರ್ಗಾ ಎರಡೂ ಅದರೊಳಗೆ ಇದ್ದವು. ನಮಗೇನೂ ಅದು ಹೊಸ ಸುದ್ದಿ ಆಗಿರಲಿಲ್ಲ ಬಿಡಿ.

ಇನ್ನು ಸರ್ಕಾರಿ ಅಲ್ಲದ ಕೆಲಸದ ಸುದ್ದಿ. 1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು, ಮದರಾಸು ಮತ್ತು ಹೈದರಾಬಾದ್ ಸರ್ಕಾರಗಳು ಸೇರಿ ಕಟ್ಟಿದ್ದು. ಈಚೆ ದಡದ ಮುನಿರಾಬಾದ್ ನಮ್ಮ ಕೊಪ್ಪಳ ತಾಲ್ಲೂಕಿನದು. ಸುರ್ಕಿ ಗಾರೆ ಹಾಕಿ ಕಲ್ಲಿನಲ್ಲಿ ಕಟ್ಟಿದ ಅಣೆಕಟ್ಟು ಅದು. ಕಲ್ಲು ಒಡೆಯಲು, ಹೊರಲು, ಜೋಡಿಸಲು ಜನ ಬೇಕು. 1953ರಲ್ಲಿ ನೀರು ನಿಂತಿತು, ಎಡದಂಡೆ ಕಾಲುವೆ ಹರಿಯಿತು, ಗಂಗಾವತಿ ಭತ್ತದ ಕಣಜವಾಯಿತು. ಆಂಧ್ರದ ಕರಾವಳಿಯಿಂದ ರೈತರು ಬಂದು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಕುಷ್ಟಗಿ, ಯಲಬುರ್ಗಾದ ಒಣ ಭೂಮಿಯವರು? ಅವರು ನಾಟಿಗೆ, ಕೊಯ್ಲಿಗೆ ಗಂಗಾವತಿಗೆ ಬಂದರು. ಒಂದೇ ಜಿಲ್ಲೆಯ ಒಳಗೇ ಗುಳೆ. ಮಳೆ ಕೈಕೊಟ್ಟ ವರ್ಷ ಆ ಗುಳೆ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಉದ್ದವಾಯಿತು.

ಈ ಗುಳೆಯ ಸುದ್ದಿ ತರುತ್ತಿದ್ದವನು ಮೇಸ್ತ್ರಿ. ಊರಿಗೆ ಬರುವಾಗ ಬಿಳಿ ಅಂಗಿ, ಕಿಸೆಯಲ್ಲಿ ನೋಟು. ಅಗಸಿ ಕಟ್ಟೆ ಮೇಲೆ ಕೂತು, "ಗೌಂಡಿ ಕೆಲ್ಸ ಐತಿ, ಹತ್ತ್ ಮಂದಿ ಬೇಕು, ಇದ ತಗಾ ಮುಂಗಡ" ಅಂತಿದ್ದ. ಆ ಮುಂಗಡದಲ್ಲೇ ಇತ್ತು ಎಲ್ಲ ಮರ್ಮ. ಸುದ್ದಿಯ ಜೊತೆಗೇ ಸಾಲವೂ ಬರುತ್ತಿತ್ತು. ನಮ್ಮ ಓಣಿಯಲ್ಲಿ ದೀಪಾವಳಿಗೆ ಬಂದು ಹೋದವರು ಉಗಾದಿಗೆ ಯಾಕೆ ಬರಲಿಲ್ಲ ಎನ್ನುವುದಕ್ಕೆ ಹಿರಿಯರು ಕೊಡುತ್ತಿದ್ದ ಉತ್ತರ ಯಾವಾಗಲೂ ಒಂದೇ: "ಮುಂಗ್ಡ ತೀರಿಲ್ಲ". ಆದರೂ ಮೇಸ್ತ್ರಿಯನ್ನು ಬರೀ ಖಳನಾಯಕ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಅವನು ಊರವನು. ಕೂಲಿ ಕೊಡದಿದ್ದರೆ ಅವನ ಮನೆ ಬಾಗಿಲಿಗೆ ಹೋಗಿ ಕೂರಬಹುದಿತ್ತು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಓದಿದ ಹುಡುಗರ ಕಥೆ ಬೇರೆ. ಅವರಿಗೆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಕಾರ್ಡು. ಖಾಲಿ ಹುದ್ದೆಗಳನ್ನು ವಿನಿಮಯ ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸಬೇಕು ಎನ್ನುವ ಕಾಯ್ದೆ ಬಂದದ್ದು 1959ರಲ್ಲಿ. ನಮ್ಮ ಜಿಲ್ಲಾ ಕೇಂದ್ರ ಆಗ ರಾಯಚೂರು. ಯಲಬುರ್ಗಾದ ಹುಡುಗ ನೂರಕ್ಕೂ ಹೆಚ್ಚು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಹೆಸರು ಬರೆಸಬೇಕು, ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಮರೆತರೆ ಸೀನಿಯಾರಿಟಿ ಹೋಯಿತು. ಆಮೇಲೆ ಟಪಾಲಿನವನ ದಾರಿ ಕಾಯುವುದು. ಸುಪ್ರೀಂ ಕೋರ್ಟು 1996ರಲ್ಲಿ ಒಂದು ತೀರ್ಪು ಕೊಟ್ಟು, ವಿನಿಮಯ ಕೇಂದ್ರದಿಂದ ಹೆಸರು ತರಿಸಿಕೊಂಡರಷ್ಟೇ ಸಾಲದು, ಪತ್ರಿಕೆಗಳಲ್ಲೂ ಪ್ರಕಟಿಸಿ ಎಲ್ಲರಿಗೂ ಅವಕಾಶ ಕೊಡಬೇಕು ಎಂದಿತು. ಈ ತೀರ್ಪಿನ ಬಗ್ಗೆ ಕನ್ನಡದಲ್ಲಿ ಯಾರೂ ಹೆಚ್ಚು ಬರೆದದ್ದು ನಾನು ಓದಿಲ್ಲ. ಆದರೆ ನನ್ನ ಲೆಕ್ಕದಲ್ಲಿ ನಮ್ಮ ಸೀಮೆಯ ನೌಕರಿ ಇತಿಹಾಸದಲ್ಲಿ ಅದು ದೊಡ್ಡ ತಿರುವು. ಕಾರ್ಡು ಹೋಗಿ ಪೇಪರ್ ಬಂತು.

ಪೇಪರ್ ಅಂದೆ. ಕೇಂದ್ರ ಸರ್ಕಾರದ ಎಂಪ್ಲಾಯ್‌ಮೆಂಟ್ ನ್ಯೂಸ್ ವಾರಪತ್ರಿಕೆ 1976ರಲ್ಲಿ ಶುರುವಾಯಿತು, ಇಂಗ್ಲಿಷ್, ಹಿಂದಿ ಮತ್ತು ಉರ್ದುವಿನಲ್ಲಿ. ಕನ್ನಡದಲ್ಲಿ ಇಲ್ಲ! ನಿಜಾಮರು ಹೋಗಿ ಎಷ್ಟೋ ವರ್ಷವಾದರೂ ಕೆಲಸದ ಕಾಗದ ಓದಿ ಹೇಳಲು ಮತ್ತೆ ಒಬ್ಬ ಬೇಕಾಯಿತು. ಹಳೆ ಕಾಲದಲ್ಲಿ ಉರ್ದು ಕಲಿತಿದ್ದ ಅಜ್ಜಂದಿರು ಮೊಮ್ಮಕ್ಕಳಿಗೆ ಅದರಿಂದ ನೌಕರಿ ಸುದ್ದಿ ಓದಿ ಹೇಳಬಹುದಿತ್ತೇನೋ, ಎಂಥ ವ್ಯಂಗ್ಯ ನೋಡಿ.

2000ದ ಆಚೆ ಈಚೆ ಸೈಬರ್ ಸೆಂಟರುಗಳು ಬಂದವು. ಬ್ಲಾಗಿಗ ಮಿತ್ರರಿಗೆ ಆ ಕಾಲ ಚೆನ್ನಾಗಿ ಗೊತ್ತು, ಬರಹ, ನುಡಿ, ಆಮೇಲೆ ಯುನಿಕೋಡ್. ನಾವು ಅಲ್ಲಿ ಕವನ ಟೈಪಿಸುತ್ತಿದ್ದರೆ ಪಕ್ಕದ ಹುಡುಗ ಅರ್ಜಿ ತುಂಬಿಸುತ್ತಿದ್ದ. ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯವನು ಗೋಡೆಗೆ ಒಂದು ಕಾಗದ ಅಂಟಿಸುತ್ತಿದ್ದ: ಹುದ್ದೆ, ಕೊನೆಯ ದಿನಾಂಕ, ಶುಲ್ಕ. ಆ ಗೋಡೆಯೇ ನಮ್ಮ ಮೊದಲ ಫೇಸ್‌ಬುಕ್ ವಾಲು. ನಂತರ ಅದೇ ಅಂಗಡಿ ಆನ್‌ಲೈನ್ ಸೆಂಟರ್ ಆಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಗೋಡೆಯ ಕಾಗದ ಫೋಟೊ ಆಗಿ ವಾಟ್ಸಾಪ್ ಗುಂಪಿಗೆ ಹಾರಿತು. ಒಂದು ತಮಾಷೆ ಗಮನಿಸಿ. ಕುಷ್ಟಗಿಗೆ ರೈಲು ಬಂದದ್ದು 2025ರ ಮೇ ತಿಂಗಳಲ್ಲಿ, ತಳಕಲ್‌ನಿಂದ ಕುಕನೂರು, ಯಲಬುರ್ಗಾ ದಾಟಿ. ಅಂದರೆ ದೇಶದ ಯಾವ ಮೂಲೆಯಲ್ಲಿ ಕೆಲಸವಿದೆ ಎನ್ನುವ ಸುದ್ದಿ ಬಂದು ಎಷ್ಟೋ ವರ್ಷದ ಮೇಲೆ ಅಲ್ಲಿಗೆ ಹೋಗುವ ಗಾಡಿ ಬಂತು.

ಈಗಿನ ಓದುವ ಹುಡುಗರ ಲೋಕವೆಲ್ಲ ಟೆಲಿಗ್ರಾಂ. ಹಳೆ ಪ್ರಶ್ನೆಪತ್ರಿಕೆ, ನೋಟ್ಸ್, ಪ್ರಚಲಿತ ವಿದ್ಯಮಾನ, ಕೀ ಆನ್ಸರ್ ಎಲ್ಲಾ ಅಲ್ಲೇ. ಧಾರವಾಡದಲ್ಲಿ ರೂಮು ಮಾಡಿ ಕೋಚಿಂಗ್ ಸೇರಲು ಆಗದವರಿಗೆ ಇದು ನಿಜವಾಗಿ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಹೊಲದ ಬದುವಿನಲ್ಲಿ ಕೂತು ಯೂಟ್ಯೂಬಿನಲ್ಲಿ ಇತಿಹಾಸದ ಕ್ಲಾಸ್ ಕೇಳುವ ಹುಡುಗರನ್ನು ನಾನು ನೋಡಿದ್ದೇನೆ. ಇನ್ನೊಂದು ಉಪಕಾರವನ್ನೂ ಹೇಳಬೇಕು. ಬ್ಯಾಂಕು ಮತ್ತು ಕೇಂದ್ರದ ಪರೀಕ್ಷೆಗಳು ಕನ್ನಡದಲ್ಲೂ ಇರಲಿ ಎಂದು ನಮ್ಮಲ್ಲೇ ಹಲವರು ಬ್ಲಾಗುಗಳಲ್ಲಿ ಬರೆದು, ಆಮೇಲೆ ಟ್ವಿಟರಿನಲ್ಲಿ ಹ್ಯಾಷ್‌ಟ್ಯಾಗ್ ಹಿಡಿದು ಕೂಗಿದ್ದು ನೆನಪಿದೆಯಲ್ಲ? 2019ರಲ್ಲಿ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಗೆ ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳು ಬಂದವು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲಿ ಬರೆಯಬಹುದಾಯಿತು. ನಮ್ಮ ಕಡೆ ಬ್ಯಾಂಕು ಅಂದರೆ ಗ್ರಾಮೀಣ ಬ್ಯಾಂಕೇ, ಆಗಿನ ತುಂಗಭದ್ರಾ, ಈಗಿನ ಕರ್ನಾಟಕ ಗ್ರಾಮೀಣ ಬ್ಯಾಂಕು. ಕೌಂಟರಿನ ಆಚೆ ಕೂತವರಿಗೆ ಕನ್ನಡ ಬರಬೇಕು ಎನ್ನುವುದು ಪಿಂಚಣಿಗೆ ಬರುವ ಅಜ್ಜಿಗೂ ಬೇಕಾದ ಮಾತು. ಸಂತೆಯಲ್ಲಿ ಕೂಗಿದ್ದು ದೆಹಲಿಗೆ ಕೇಳಿಸಿದ ಅಪರೂಪದ ಪ್ರಸಂಗ ಇದು.

ಆದರೆ ಸುದ್ದಿ ಬೇಗ ಬಂತು ಅಂದ ಮಾತ್ರಕ್ಕೆ ಕೆಲಸ ಬೇಗ ಬರಲಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ಆಯಿತು. ಓಎಂಆರ್ ಹಾಳೆಯ ಚಿತ್ರ ಜಾಲತಾಣಗಳಲ್ಲಿ ಓಡಾಡಿ, ಹಗರಣ ಬಯಲಾಗಿ, 2022ರ ಏಪ್ರಿಲಿನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. 2024ರ ಆಗಸ್ಟ್ 27ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಹೇಗಿತ್ತೆಂದರೆ ಪ್ರಶ್ನೆ ಅರ್ಥವಾಗಲು ಇಂಗ್ಲಿಷ್ ಓದಬೇಕಿತ್ತು. 384 ಹುದ್ದೆಗಳ ಪರೀಕ್ಷೆ ಅದು. ಅಂದು ಸಂಜೆಯಿಂದಲೇ ತಪ್ಪುಗಳ ಚಿತ್ರಗಳು ಎಲ್ಲ ಗುಂಪುಗಳಲ್ಲೂ ಹರಿದಾಡಿದವು. ಕೊನೆಗೆ ಡಿಸೆಂಬರ್ 29ಕ್ಕೆ ಮರುಪರೀಕ್ಷೆ, ಅದರಲ್ಲೂ ತಪ್ಪುಗಳು! ಕನ್ನಡ ಮಾಧ್ಯಮದಲ್ಲಿ ಓದಿದ ಕುಷ್ಟಗಿಯ ಹುಡುಗನಿಗೆ ಇದು ಬರೀ ವ್ಯಾಕರಣದ ಪ್ರಶ್ನೆ ಅಲ್ಲ. ವಯಸ್ಸಿನ ಮಿತಿ ಒಂದು ಕಡೆಯಿಂದ ಓಡಿ ಬರುತ್ತಿರುತ್ತದೆ, ಮನೆಯಲ್ಲಿ ಅಪ್ಪ ಇನ್ನೊಂದು ವರ್ಷ ಕಾಯುತ್ತಾನೆ, ಅಷ್ಟೇ. 2024ರ ಅಕ್ಟೋಬರಿನಲ್ಲಿ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ಸಚಿವ ಸಂಪುಟ ನಿರ್ಧರಿಸಿತು. ಒಳಮೀಸಲಾತಿ ನ್ಯಾಯದ ಬೇಡಿಕೆಯೇ, ತಕರಾರಿಲ್ಲ. ಕಾದವರೂ ಬಡವರ ಮಕ್ಕಳೇ ಎನ್ನುವುದನ್ನು ಸೇರಿಸಿ ಹೇಳುತ್ತಿದ್ದೇನೆ ಅಷ್ಟೇ. ಆ ದಿನಗಳಲ್ಲಿ ಟೆಲಿಗ್ರಾಂ ಚಾನೆಲ್ಲುಗಳಲ್ಲಿ ದಿನವೂ "ಶೀಘ್ರದಲ್ಲೇ ಬೃಹತ್ ನೇಮಕಾತಿ" ಅಂತ ಬರುತ್ತಿತ್ತು. ಚಾನೆಲ್ ನಡೆಸುವವನ ಹೊಟ್ಟೆಪಾಡೇ ಆ "ಶೀಘ್ರದಲ್ಲೇ" ಮೇಲೆ ನಿಂತಿದೆಯಲ್ಲ.

ಹಾಗಾದರೆ ಈ ಜಾಲತಾಣಗಳು ನಮ್ಮಲ್ಲಿ ಕೆಲಸ ಹುಟ್ಟಿಸಲೇ ಇಲ್ಲವೇ? ಹುಟ್ಟಿಸಿವೆ. ಆದರೆ ಎಲ್ಲಿ ಅಂತ ನೋಡಬೇಕು. ಗಂಗಾವತಿ ತಾಲ್ಲೂಕಿನ ನದಿ ದಂಡೆಗೆ ಹೋಗಿ. ಆನೆಗೊಂದಿ, ಸಣಾಪುರ, ಅಂಜನಾದ್ರಿ. ಹಂಪಿಯ ಎದುರು ದಡ. ವಿರೂಪಾಪುರ ಗಡ್ಡೆ ವಿದೇಶಿಯರ ನಡುವೆ ಬಾಯಿಂದ ಬಾಯಿಗೆ ಹೆಸರಾಗಿತ್ತು, ಫೋಟೊಗಳ ಕಾಲದಲ್ಲಿ ಬೆಂಗಳೂರು, ಹೈದರಾಬಾದಿನ ಹುಡುಗರೂ ಬರತೊಡಗಿದರು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅಲ್ಲಿನ ಅಕ್ರಮ ಕಟ್ಟಡಗಳ ತೆರವನ್ನು ಎತ್ತಿಹಿಡಿಯಿತು, ಮಾರ್ಚಿನಲ್ಲಿ ಜೆಸಿಬಿಗಳು ಬಂದವು. ಅದೇ ತಿಂಗಳ ಕೊನೆಗೆ ಲಾಕ್‌ಡೌನ್. ಮಂಗಳೂರು, ಗೋವಾದಿಂದ ನಮ್ಮ ಗುಳೆಯವರು ಗಂಟುಮೂಟೆ ಹೊತ್ತು ತಿರುಗಿ ಬಂದರೆ ಇಲ್ಲಿ ಇದ್ದ ಹೋಟೆಲ್ ಕೆಲಸಗಳೂ ನೆಲಸಮ. ನಂತರ ಸಣಾಪುರದ ಕೆರೆ ರೀಲ್ಸ್‌ಗೆ ಸಿಕ್ಕಿತು. ಎಡದಂಡೆ ಕಾಲುವೆಯ ನೀರು ತುಂಬುವ ಕೆರೆ, ಸುತ್ತ ಬಂಡೆ, ಗಿರಗಿರ ತಿರುಗುವ ಹರಗೋಲು. ಮೀನು ಹಿಡಿಯುತ್ತಿದ್ದವರ ಹರಗೋಲು ಪ್ರವಾಸಿಗರ ಸವಾರಿಯಾಯಿತು. ಹೋಂಸ್ಟೇ, ಬಾಡಿಗೆ ಸ್ಕೂಟರು, ಅಡುಗೆ ಕೆಲಸ, ಗೈಡು. ಮೇಸ್ತ್ರಿಯ ಮುಂಗಡವಿಲ್ಲದೆ ಊರಲ್ಲೇ ಸಿಕ್ಕ ದುಡಿಮೆ ಇದು.

ಅದೇ ಫೋನು ಅದನ್ನು ಕೆಡವಲೂ ಹೊತ್ತು ಬೇಕಾಗಲಿಲ್ಲ. 2025ರ ಫೆಬ್ರುವರಿಯಲ್ಲಿ ಸಣಾಪುರದ ಬಳಿ ನದಿಗೆ ಬಂಡೆಯ ಮೇಲಿಂದ ಹಾರಿದ ವೈದ್ಯೆಯೊಬ್ಬರು ತೀರಿಕೊಂಡರು, ಅವರು ಹಾರಿದ ವಿಡಿಯೊ ದೇಶವೆಲ್ಲ ಓಡಿತು. ಮಾರ್ಚಿನಲ್ಲಿ ಅಲ್ಲೇ ಕಾಲುವೆ ಬಳಿ ಪ್ರವಾಸಿಗರ ಮೇಲೆ ಹೇಯ ದಾಳಿ ನಡೆಯಿತು, ಜೀವವೂ ಹೋಯಿತು. ಹೋಂಸ್ಟೇಗಳ ಮೇಲೆ ಬಿಗಿ ಕ್ರಮ ಬಂತು. ಬರಬೇಕಾದದ್ದೇ. ಆದರೆ ರೀಲ್ಸ್ ನಂಬಿ ಸಾಲ ಮಾಡಿ ಎರಡು ಕೋಣೆ ಕಟ್ಟಿದ್ದವನ ಕಂತು ನಿಲ್ಲಲಿಲ್ಲ.

ಕಿನ್ನಾಳದ ಗೊಂಬೆ, ಕುಷ್ಟಗಿ ಸೀಮೆಯ ದೋಟಿಹಾಳದ ಕಡೆ ನೇಯುವ ಇಳಕಲ್ ಸೀರೆ, ಆನೆಗೊಂದಿಯ ಬಾಳೆ ನಾರಿನ ಚೀಲ, ಭಾಗ್ಯನಗರದ ಕೂದಲು ಉದ್ಯಮ... ಇವೆಲ್ಲ ಮೊದಲೇ ಇದ್ದವು. ಈಗ ನೇಕಾರರ ಮನೆಯ ಹುಡುಗಿ ಸೀರೆಯ ಸೆರಗು ಹಿಡಿದು ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕಿದರೆ ಪುಣೆಯಿಂದ ಆರ್ಡರ್ ಬರುತ್ತದೆ, ಸೇಠನ ಗದ್ದಿಗೆ ಹೋಗದೆ. ಗಂಗಾವತಿ ಪ್ರಾಣೇಶ್ ಅವರದನ್ನೇ ನೋಡಿ. ಕ್ಯಾಸೆಟ್ಟಿನಲ್ಲಿ ನಗಿಸಿದವರು ಸಿಡಿಗೆ, ಟಿವಿಗೆ, ಯೂಟ್ಯೂಬಿಗೆ ದಾಟಿದರು. ಸರಕು ಗಟ್ಟಿ ಇತ್ತು, ಡಬ್ಬಿ ಬದಲಾಯಿತು. ನನ್ನ ಅಭಿಪ್ರಾಯ ಇಷ್ಟೇ: ಇಲ್ಲಿ ಮೊದಲೇ ಕಸುಬು ಇದ್ದ ಕಡೆ ಫೋನು ಅದನ್ನು ದೊಡ್ಡದು ಮಾಡಿದೆ. ಏನೂ ಇಲ್ಲದ ಕಡೆ ಅದು ಬರೀ ಸುದ್ದಿ ತಂದಿದೆ.

ಸುದ್ದಿಯ ಗಾತ್ರವೂ ಏನು ಕಡಿಮೆ ಅಲ್ಲ. ಭಾನಾಪುರದ ಆಟಿಕೆ ಕ್ಲಸ್ಟರು 400 ಎಕರೆ, 40 ಸಾವಿರ ಉದ್ಯೋಗ ಅಂತ 2020ರಲ್ಲಿ ಘೋಷಣೆಯಾದಾಗ ಆ 40 ಸಾವಿರವನ್ನು ನಾನು ಎಷ್ಟು ಗುಂಪುಗಳಲ್ಲಿ ಓದಿದೆನೋ ಲೆಕ್ಕವಿಲ್ಲ. 2025ರ ಫೆಬ್ರುವರಿಯಲ್ಲಿ ಕೊಪ್ಪಳದ ಪಕ್ಕಕ್ಕೇ 54 ಸಾವಿರ ಕೋಟಿಯ ಉಕ್ಕಿನ ಕಾರ್ಖಾನೆ ಎಂಬ ಸುದ್ದಿಯೂ ಹಾಗೇ ಬಂತು. ಗಿಣಿಗೇರಿ ಕಡೆಯ ಧೂಳು ಉಂಡವರು ಸುಮ್ಮನಿರಲಿಲ್ಲ. ಫೆಬ್ರುವರಿ 24ಕ್ಕೆ ಕೊಪ್ಪಳ ಬಂದ್, ಗವಿಮಠದ ಸ್ವಾಮೀಜಿಗಳೇ ಬೀದಿಗಿಳಿದರು. ಕೆಲಸ ಸಿಗುತ್ತದೆ ಎನ್ನುವ ಪೋಸ್ಟು, ಉಸಿರು ಹೋಗುತ್ತದೆ ಎನ್ನುವ ಪೋಸ್ಟು, ಎರಡನ್ನೂ ಒಬ್ಬನೇ ಹುಡುಗ ಫಾರ್ವರ್ಡ್ ಮಾಡಿದ್ದನ್ನು ನೋಡಿದೆ. ಅವನನ್ನು ನಗುವಂತಿಲ್ಲ, ಅವನಿಗೆ ಎರಡೂ ನಿಜ.

ಈಗ ಮೇಸ್ತ್ರಿಗೆ ಬರೋಣ, ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ. ಅವನು ಎಲ್ಲೂ ಹೋಗಿಲ್ಲ, ಫೋನಿನೊಳಗೆ ಹೊಕ್ಕಿದ್ದಾನೆ. "ಮನೆಯಲ್ಲೇ ಕೂತು ದುಡಿಯಿರಿ" ಅಂತ ಟೆಲಿಗ್ರಾಂನಲ್ಲಿ ಬರುತ್ತಾನೆ. ಯೂಟ್ಯೂಬ್ ವಿಡಿಯೊಗೆ ಲೈಕ್ ಒತ್ತಿದರೆ ಮೊದಲ ದಿನ 150 ರೂಪಾಯಿ ಹಾಕಿಯೂ ಬಿಡುತ್ತಾನೆ. ಹಳೆ ಮೇಸ್ತ್ರಿಯ ಮುಂಗಡದ ಹಾಗೆಯೇ! ಆಮೇಲೆ ಟಾಸ್ಕ್ ಮುಂದುವರಿಸಲು ನೀವೇ ಕಟ್ಟಬೇಕು, ಸಾವಿರ, ಹತ್ತು ಸಾವಿರ, ಲಕ್ಷ. ಇನ್ನೊಂದು ಥರದವನು ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಅನ್ನುತ್ತಾನೆ, ಅಲ್ಲಿಂದ ಮ್ಯಾನ್ಮಾರ್, ಕಾಂಬೋಡಿಯಾದ ಸೈಬರ್ ವಂಚನೆಯ ಗೂಡುಗಳಿಗೆ ಸಾಗಿಸುತ್ತಾನೆ. ಹಾಗೆ ಸಿಕ್ಕಿಬಿದ್ದ ಭಾರತದ ಎಷ್ಟೋ ಯುವಕರನ್ನು ಸರ್ಕಾರ ಬಿಡಿಸಿ ತಂದಿದೆ. ಹಳೆ ಮೇಸ್ತ್ರಿಯ ಮನೆ ಬಾಗಿಲಿಗೆ ಹೋಗಿ ಕೂರಬಹುದಿತ್ತು. ಇವನಿಗೆ ಬಾಗಿಲೇ ಇಲ್ಲ, ಡಿಪಿ ಮಾತ್ರ. ದುಡ್ಡು ಹೋದ ತಕ್ಷಣ 1930ಕ್ಕೆ ಫೋನ್ ಮಾಡಿ, ಗಂಟೆಗಳ ಲೆಕ್ಕ ಅದು. ವಿದೇಶದ ಕೆಲಸ ಅಂದರೆ ಏಜೆಂಟು ನೋಂದಾಯಿತನೇ ಅಂತ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ನಿಮ್ಮ ಓಣಿಯ ಹುಡುಗರಿಗೂ ಹೇಳಿ, ನಾಚಿಕೊಂಡು ಮನೆಯಲ್ಲಿ ಮುಚ್ಚಿಡುವವರೇ ಜಾಸ್ತಿ.

ಕೊನೆಗೊಂದು ಕೋರಿಕೆ. ಮುಲ್ಕಿ ಸರ್ಟಿಫಿಕೇಟು, ರಾಯಚೂರಿನ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಕಾರ್ಡು, ಅಣೆಕಟ್ಟಿನ ಕೆಲಸದ ಕೂಲಿ ಚೀಟಿ, ಇಂಥವು ಯಾರದಾದರೂ ಅಜ್ಜನ ಟ್ರಂಕಿನಲ್ಲಿ ಉಳಿದಿದ್ದರೆ ದಯವಿಟ್ಟು ಫೋಟೊ ತೆಗೆದಿಡಿ. ಉರ್ದುವಿನಲ್ಲಿದ್ದರೆ ಓದಿ ಹೇಳುವವರನ್ನು ಹುಡುಕೋಣ. ನಮ್ಮ ಮನೆಯ ಟ್ರಂಕಿನಲ್ಲಿ ಸಿಕ್ಕಿದ್ದು 1987ರ ಒಂದು ನವೀಕರಣದ ಚೀಟಿ ಮಾತ್ರ, ಅರ್ಧ ಗೆದ್ದಲು ತಿಂದಿದೆ.